ಸಿಸ್ಟಮ್‌ನಲ್ಲಿ ಇಲ್ಲದ ಊರು

ನಮ್ಮದು ಮುಳುಗಡೆ ಮನೆತನ. ಸಾಗರದ ಕಡೆಯವರಿಗೆ ಇಷ್ಟು ಹೇಳಿದರೆ ಸಾಕು. ಉಳಿದವರಿಗೆ ಒಂದು ಮಾತು: 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆಯ ಊರುಗಳು ನೀರಿಗೆ ಹೋದವು. ಲಾರಿಯಲ್ಲಿ ತಂದು ಇಳಿಸಿದ ಕಡೆ ನಮಗೆ ಜಮೀನು ಸಿಕ್ಕಿತು, ಕಾಗದ ಸಿಗಲಿಲ್ಲ. ಆ ಕಾಗದಕ್ಕಾಗಿ ಹಾಕಿದ ಅರ್ಜಿ ಇನ್ನೂ ನಡೆಯುತ್ತಿರುವುದರಿಂದ ಮುಳುಗಿದ ಊರಿನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

ಕಚೇರಿಯ ಹೆಸರೂ ಬೇಡ. ಅಲ್ಲಿನ ಕೇಸ್ ವರ್ಕರ್ ಕಂಪ್ಯೂಟರಿನಲ್ಲಿ ತಾಲ್ಲೂಕು ಒತ್ತಿದರು, ಹೋಬಳಿ ಒತ್ತಿದರು, ಊರುಗಳ ಪಟ್ಟಿ ಕೆಳಗಿಳಿಯಿತು. ಮೇಲಿಂದ ಕೆಳಗೆ ಒಮ್ಮೆ, ಕೆಳಗಿಂದ ಮೇಲೆ ಒಮ್ಮೆ ನೋಡಿದರು.

"ಈ ಹೆಸರಿನ ಗ್ರಾಮವೇ ಇಲ್ವಲ್ಲ ಯಜಮಾನ್ರೇ."

"ಈಗ ಇಲ್ಲ ಮಾರಾಯ್ರೇ, ಆಗ ಇತ್ತು," ಅಂದರು ಅಪ್ಪಯ್ಯ.

"ಸಿಸ್ಟಮ್‌ನಲ್ಲಿ ಇದ್ರೆ ಮಾತ್ರ ಫೈಲು ಮುಂದೆ ಹೋಗೋದು. ಇತ್ತು ಅನ್ನೋದಕ್ಕೆ ಏನಾದ್ರೂ ತನ್ನಿ."

ಅಪ್ಪಯ್ಯ ಸುಮ್ಮನಾಗಲಿಲ್ಲ. ಹೊಳೆಯ ಮೇಲಿನಿಂದ ಶುರು ಮಾಡಿ, ಯಾವ ಊರು ದಾಟಿದರೆ ಯಾವ ಊರು, ಎಲ್ಲಿ ಕಾಲುಸಂಕ, ಯಾರ ಮನೆಯ ಅಡಿಕೆ ಚಪ್ಪರ ಎಂದು ಹೇಳುತ್ತಾ ಹೋದರು. ಆ ಮನುಷ್ಯ ಮೊಬೈಲಿನಲ್ಲಿ ಹೆಬ್ಬೆರಳು ಸರಿಸುತ್ತಿದ್ದ. ಹಿಂದೆ ನಿಂತವರಲ್ಲಿ ಯಾರೋ "ಅಜ್ಜ ಕಥೆ ಹೇಳ್ತಿದಾರೆ" ಎಂದು ನಕ್ಕರು. ಅಪ್ಪಯ್ಯನ ದನಿ ಸಣ್ಣದಾಗುತ್ತಾ ಬಂತು, ಕೊನೆಗೆ ಒಂದು ಊರಿನ ಹೆಸರು ಅರ್ಧಕ್ಕೇ ನಿಂತಿತು. ನೀರಿನಲ್ಲಿ ಮುಳುಗಿದ ಊರು ಇವತ್ತಿನ ಪಟ್ಟಿಯಲ್ಲಿ ಇರುವುದಾದರೂ ಹೇಗೆ? ಇಷ್ಟು ಹೊಳೆಯದವರನ್ನು ಆ ಕುರ್ಚಿಯಲ್ಲಿ ಕೂರಿಸಿದವರು ಯಾರೋ, ಅವರ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಮನೆಗೆ ಬಂದರೆ ಭಾವ. "ಗೂಗಲ್‌ನಲ್ಲಿ ಎಲ್ಲಾ ಇರತ್ತೆ" ಎಂದು ಕಾಲ ಮೇಲೆ ಕಾಲು ಹಾಕಿ ಕೂತವರು, "ಶರಾವತಿ ಮುಳುಗಡೆ ಊರಿನ ಹಳೇ ದಾಖಲೆ ಎಲ್ಲಿ ಸಿಗುತ್ತದೆ" ಎಂದು ಪೂರ್ತಿ ವಾಕ್ಯ ಹೊಡೆದರು. ಮೊದಲು ಬಂದದ್ದು ಯಾವುದೋ ಏಜೆಂಟರ ತಾಣ. ಮೇಲ್ಗಡೆ ಸಣ್ಣಕ್ಷರದಲ್ಲಿ 'ಪ್ರಾಯೋಜಿತ' ಎಂದಿತ್ತು. ದುಡ್ಡು ಕೊಟ್ಟು ಮೇಲೆ ನಿಂತ ಜಾಹೀರಾತು ಅದು ಎಂದು ನಾನು ಹೇಳುವಷ್ಟರಲ್ಲಿ ಭಾವ ಫೋನ್‌ಪೇ ಮಾಡಿಯಾಗಿತ್ತು. ಬಂದದ್ದು ಇವತ್ತಿನದೇ ಪಹಣಿ, ಅದೂ ಬೇರೆ ಊರಿನದು. ಸರ್ಕಾರಿ ದಾಖಲೆ ಬೇಕಿದ್ದರೆ ತಾಣದ ಹೆಸರಿನ ಕೊನೆಯಲ್ಲಿ 'ಗವ್ ಡಾಟ್ ಇನ್' ಅಥವಾ 'ನಿಕ್ ಡಾಟ್ ಇನ್' ಇದೆಯೇ ಎಂದು ಮೊದಲು ನೋಡಿ. ನಡುವೆ ಎಲ್ಲೋ 'ಗವ್' ಎಂದಿದ್ದರೆ ಸಾಲದು.

ಆ ರಾತ್ರಿ ನಾನು ಕೂತೆ. ಕೂತ ಮೇಲೆ ಅರ್ಥವಾದದ್ದು ಇಷ್ಟು: ನನಗೆ ಬೇಕಾದ ಕಾಗದವನ್ನು ಬರೆದವನು ನನ್ನ ಪ್ರಶ್ನೆಯನ್ನು ಕೇಳಿಸಿಕೊಂಡು ಬರೆದಿಲ್ಲ. ಅವನ ಕಾಗದದಲ್ಲಿ ಯಾವ ಮಾತು ಇರಬಹುದೋ ಅದನ್ನೇ ಟೈಪ್ ಮಾಡಬೇಕು. 'ಶಿವಮೊಗ್ಗ, ಕರ್ನಾಟಕ' ಎಂದು ಇಂಗ್ಲಿಷಿನಲ್ಲಿ ಹೊಡೆದರೆ ಹೊಸದೇ ಬರುತ್ತದೆ. ಇಂಗ್ಲಿಷ್ ಕಾಗದಗಳಲ್ಲಿ 2014ರ ನವೆಂಬರ್ 1ರವರೆಗೂ ಅದು ಶಿಮೋಗ. 1973ರ ನವೆಂಬರ್‌ಗೆ ಮುಂಚಿನದಾದರೆ ರಾಜ್ಯ ಮೈಸೂರು. ಇನ್ನೂ ಹಿಂದೆ, ಮೈಸೂರು ಗೆಜೆಟಿಯರ್ ಬರೆದ ಬಿ. ಎಲ್. ರೈಸ್ ಅವರ ಕಾಲಕ್ಕೆ ಹೋದರೆ ಹೊಸನಗರವನ್ನೂ ನಗರ ತಾಲ್ಲೂಕಿನಲ್ಲಿ ಹುಡುಕಬೇಕು. ಮುಳುಗುವ ಮೊದಲು ನಮ್ಮ ಊರು 'ಮುಳುಗಡೆ ಗ್ರಾಮ'ವೂ ಆಗಿರಲಿಲ್ಲವಲ್ಲ. ಭಾವನ ವಾಕ್ಯದಲ್ಲಿ 'ಶರಾವತಿ' ಬಿಟ್ಟರೆ ಬೇರೆ ಯಾವ ಪದವೂ ಆ ಕಾಗದದಲ್ಲಿ ಇರುವ ಸಂಭವ ಕಡಿಮೆಯೇ.

ಕನ್ನಡದಲ್ಲಿ ಹುಡುಕಬಾರದೆಂದಲ್ಲ. ಆದರೆ ಯೂನಿಕೋಡ್ ಬಳಕೆಗೆ ಬರುವ ಮುಂಚೆ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ ಎಷ್ಟೋ ಆದೇಶಗಳು ನಮ್ಮ ಕಣ್ಣಿಗೆ ಕನ್ನಡ, ಹುಡುಕುವ ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಬರೀ ಫೋಟೋ ಹಿಡಿದು ಪಿಡಿಎಫ್ ಮಾಡಿದ್ದರೆ ಎಷ್ಟೋ ಸಲ ಅಷ್ಟೂ ಇಲ್ಲ.

ಊರಿನ ಹೆಸರೊಂದನ್ನೇ ಕೊಟ್ಟರೆ ಏನೂ ಬರಲಿಲ್ಲ. ಆಗ ಅಪ್ಪಯ್ಯನ ಆ 'ಕಥೆ' ನೆನಪಾಯಿತು. ಊರಿನ ಪಟ್ಟಿ ಎಂದ ಮೇಲೆ ಅಕ್ಕಪಕ್ಕದ ಊರುಗಳೂ ಅದರಲ್ಲಿ ಇರಲೇಬೇಕು. ಅಪ್ಪಯ್ಯನನ್ನು ಎಬ್ಬಿಸಿ, ಅವರು ಹೇಳಿದ ಹೆಸರುಗಳನ್ನು ಒಂದೊಂದಾಗಿ ಉದ್ಧರಣ ಚಿಹ್ನೆಯೊಳಗೆ ಹಾಕಿದೆ. ಚಿಹ್ನೆಯೊಳಗಿದ್ದರೆ ಹಾಗೆಯೇ ಇರುವುದನ್ನೇ ಹುಡುಕುತ್ತದೆ, ತನಗೆ ತೋಚಿದಂತೆ ತಿದ್ದುವುದಿಲ್ಲ. ತುಮರಿ, ಬ್ಯಾಕೋಡು ಇವತ್ತೂ ಇರುವ ಊರುಗಳು. ಅವುಗಳ ಜೊತೆಗೆ ಮುಳುಗಿದ ಒಂದೊಂದು ಹೆಸರು, ಮುಂದೆ 'ಸಾಗರ ತಾಲ್ಲೂಕು', ಮುಳುಗುವ ಮುಂಚಿನ ಜನಗಣತಿಯ ವರ್ಷ 1961, ಕೊನೆಗೆ 'ಫೈಲ್‌ಟೈಪ್' ಎಂದು ಬರೆದು ಎರಡು ಚುಕ್ಕೆಯಿಟ್ಟು ಪಿಡಿಎಫ್. ಇಂಗ್ಲಿಷ್ ಕಾಗುಣಿತದ ರಗಳೆ ಬೇರೆ. ಶರಾವತಿಯ 'ತಿ'ಯಲ್ಲಿ 'ಎಚ್' ಇದೆಯೋ ಇಲ್ಲವೋ, ಬ್ಯಾಕೋಡಿನ ಕೊನೆಗೆ 'ಯು' ಇದೆಯೋ ಇಲ್ಲವೋ, ಎಲ್ಲವನ್ನೂ ಅದಲು ಬದಲು ಮಾಡಬೇಕು. ದಿನಾಂಕದ ಫಿಲ್ಟರನ್ನು ಮಾತ್ರ ನಂಬಬೇಡಿ. ಅದು ನೋಡುವುದು ಅಂತರ್ಜಾಲಕ್ಕೆ ಹಾಕಿದ ತಾರೀಖನ್ನೇ ಹೊರತು ಪುಸ್ತಕ ಅಚ್ಚಾದ ವರ್ಷವನ್ನಲ್ಲ.

ಹೀಗೆ ಸಿಕ್ಕಿದ್ದು ಜನಗಣತಿಯ ಹಳೆಯ ಜಿಲ್ಲಾ ಕೈಪಿಡಿ. ಅಂಥವನ್ನು ಜನಗಣತಿ ಇಲಾಖೆಯೇ ಸ್ಕ್ಯಾನ್ ಮಾಡಿ ತನ್ನ ತಾಣದಲ್ಲಿಟ್ಟಿದೆ. ಅಷ್ಟಾದರೂ ನಮ್ಮ ಊರಿನ ಹೆಸರನ್ನು ಯಂತ್ರ ಹಿಡಿದಿರಲಿಲ್ಲ, ಮಾಸಿದ ಅಚ್ಚಿನ 'ಎಚ್' ಅಕ್ಷರವನ್ನು 'ಬಿ' ಎಂದು ಓದಿಕೊಂಡಿತ್ತು. ಹುಡುಕಾಟ ನನ್ನನ್ನು ಪುಸ್ತಕದ ಬಾಗಿಲವರೆಗೆ ತಂದು ಬಿಟ್ಟಿತ್ತು, ಮುಂದೆ ಪುಟ ತಿರುಗಿಸಿದ್ದು ನಾನೇ. ಹೆಸರು, ವಿಸ್ತೀರ್ಣ, ಮನೆಗಳು, ಗಂಡಸರು, ಹೆಂಗಸರು. ಅಪ್ಪಯ್ಯ ಕನ್ನಡಕ ಏರಿಸಿ ಮನೆಗಳ ಸಂಖ್ಯೆ ನೋಡಿ, "ಇದು ತಪ್ಪು, ಒಂದು ಮನೆ ಬಿಟ್ಟಿದಾರೆ" ಎಂದರು. 1950ರ ದಶಕದಲ್ಲಿ ಅಮೆರಿಕದ ಸೈನ್ಯ ಮಾಡಿಸಿದ ಯು-502 ನಕ್ಷೆಗಳು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯದ ತಾಣದಲ್ಲಿವೆ. ಅಣೆಕಟ್ಟಿಗೆ ಮುಂಚಿನ ಕಣಿವೆ ಹೇಗಿತ್ತೆಂದು ನೋಡಲು ಅವನ್ನೂ ತೆಗೆದಿಟ್ಟುಕೊಂಡೆ.

ಪ್ರಿಂಟ್ ಒಯ್ದರೆ ಅದೇ ಕೇಸ್ ವರ್ಕರ್ ಹಿಂದೆ ಮುಂದೆ ತಿರುಗಿಸಿ "ಸೀಲ್ ಎಲ್ಲಿ?" ಎಂದರು. ಈ ಸಲ ನಾನು ಜಗಳಕ್ಕೆ ಹೋಗಲಿಲ್ಲ. 10 ರೂಪಾಯಿ ಕಟ್ಟಿ, ಊರಿನ ದಾಖಲೆಯ ಸೀಲ್ ಇರುವ ನಕಲು ಕೇಳಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ಅಷ್ಟರಲ್ಲಿ ಊರಿನ ಗೋಳು ಹಿಡಿಸುವುದಿಲ್ಲ. ಕೈಪಿಡಿಯ ವರ್ಷ, ತಾಲ್ಲೂಕು, ಪುಟ, ಗ್ರಾಮದ ಕ್ರಮಸಂಖ್ಯೆ ಹಿಡಿಸಿದವು. ಉತ್ತರ ಕೊಡಲು ಅವರಿಗೆ 30 ದಿನದ ಗಡುವು. ಈ ನಡುವೆ ಭಾವ ಮದುವೆ ಮನೆಗಳಲ್ಲಿ "ನಾನೇ ಗೂಗಲ್ ಮಾಡಿಸಿದ್ದು" ಎಂದು ಹೇಳಿಕೊಂಡು ಓಡಾಡುತ್ತಿದ್ದಾರಂತೆ. ಏಜೆಂಟರಿಗೆ ಕಟ್ಟಿದ ದುಡ್ಡಿನ ಸುದ್ದಿಯನ್ನು ಅಲ್ಲಿ ಯಾರೂ ಕೇಳಿಲ್ಲ.