ನಾರಾ ನಗರದ ದೇವಾಲಯ ವೀಥಿಯಲ್ಲಿ ಒಂದು ಕಾಲ್ನಡಿಗೆ

‘ದೇಶ ಸುತ್ತು, ಕೋಶ ಓದು’ ಎಂಬುದು ನಮ್ಮ ಹಿರಿಯರ ನುಡಿ. ದೇಶ ಸುತ್ತುವ ಅನುಕೂಲ ಎಲ್ಲರಿಗೂ ಒದಗಲಾರದು. ಆದರೆ ಕೋಶದ ನೆರವಿನಿಂದಲೇ ದೂರದ ನಾಡನ್ನು ಸುತ್ತಿ ಬರುವ ಭಾಗ್ಯ ವಿದ್ಯಾರ್ಥಿಗಳೆಲ್ಲರಿಗೂ ಉಂಟು. ಈ ಪಾಠದಲ್ಲಿ ನಾವು ಜಪಾನ್ ದೇಶದ ನಾರಾ ನಗರದ ದೇವಾಲಯ ಪ್ರದೇಶವನ್ನು, ಮಾರ್ಗದರ್ಶಕನ ಹಿಂದೆ ಹೆಜ್ಜೆಯಿಡುವ ಯಾತ್ರಿಕರಂತೆ, ನಡೆದು ನೋಡೋಣ.

ನಾರಾ ಕ್ರಿ.ಶ. 710ರಿಂದ 784ರವರೆಗೆ ಜಪಾನಿನ ರಾಜಧಾನಿಯಾಗಿತ್ತು. ಆಗ ಅದಕ್ಕೆ ಹೇಜೋ-ಕ್ಯೋ ಎಂಬ ಹೆಸರಿತ್ತು. ರಾಜಧಾನಿ ಬೇರೆಡೆಗೆ ಹೋದರೂ ದೇವಾಲಯಗಳು ಇಲ್ಲಿಯೇ ಉಳಿದುವು. 1998ರಲ್ಲಿ ಯುನೆಸ್ಕೋ ಸಂಸ್ಥೆಯು ಇಲ್ಲಿನ ಎಂಟು ಸ್ಥಳಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಶಿಲೆಯ ದೇವಾಲಯಗಳನ್ನು ನೋಡಿ ಬೆಳೆದ ನಮಗೆ ಇಲ್ಲಿ ಮೊದಲು ಅಚ್ಚರಿಯೆನಿಸುವುದು ಇವೆಲ್ಲವೂ ಮರದ ಕಟ್ಟಡಗಳೆಂಬ ಸಂಗತಿ. ಮರಕ್ಕೆ ಬೆಂಕಿಯೂ ಶತ್ರು, ಗೆದ್ದಲೂ ಶತ್ರು, ಮಳೆಗಾಳಿಗಳೂ ಶತ್ರು. ಹಾಗಿದ್ದೂ ಈ ದೇವಾಲಯಗಳು ಹದಿಮೂರು ಶತಮಾನ ಬಾಳಿದುದು ಯಾವುದರ ಬಲದಿಂದ? ದಾರಿಯುದ್ದಕ್ಕೂ ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನಡೆಯೋಣ.

ಭಿಕ್ಷುವಿನ ಪ್ರತಿಮೆಯ ಬಳಿ

ನಾರಾದ ಕಿಂತೆತ್ಸು ರೈಲು ನಿಲ್ದಾಣದಿಂದ ಹೊರಬಂದೊಡನೆ ಒಂದು ಕಾರಂಜಿ, ಅದರ ನಡುವೆ ಒಬ್ಬ ಭಿಕ್ಷುವಿನ ಪ್ರತಿಮೆ ಕಾಣುತ್ತವೆ. ಇವರೇ ಗ್ಯೋಕಿ (668–749). ವಿಹಾರದ ಗೋಡೆಯೊಳಗೆ ಕುಳಿತು ಶಾಸ್ತ್ರಾಧ್ಯಯನ ಮಾಡುವುದಷ್ಟೇ ಸನ್ಯಾಸಿಯ ಧರ್ಮವೆಂದು ಅಂದಿನ ಸರಕಾರ ವಿಧಿಸಿತ್ತು. ಗ್ಯೋಕಿಯವರಾದರೋ ಹಳ್ಳಿಹಳ್ಳಿಗೆ ನಡೆದು, ಜನರನ್ನು ಕೂಡಿಸಿ, ಕೆರೆ ಕಾಲುವೆಗಳನ್ನು ತೋಡಿಸಿದರು, ಸೇತುವೆ ಕಟ್ಟಿಸಿದರು, ದಾರಿಗರಿಗೆ ತಂಗುದಾಣಗಳನ್ನು ಮಾಡಿಸಿದರು. 717ರಲ್ಲಿ ಸರಕಾರ ಅವರ ಹೆಸರೆತ್ತಿಯೇ ಖಂಡಿಸಿ ಆಜ್ಞೆ ಹೊರಡಿಸಿತು. ಜನ ಮಾತ್ರ ಅವರನ್ನು ಬಿಡಲಿಲ್ಲ. ಕಡೆಗೆ ಅದೇ ಸರಕಾರ 745ರಲ್ಲಿ ಅವರಿಗೆ ಮಹಾಸ್ಥವಿರ ಪದವಿಯನ್ನಿತ್ತು ಗೌರವಿಸಿತು. ಈ ಬದಲಾವಣೆಗೆ ಕಾರಣವೇನೆಂಬುದನ್ನು ಮುಂದೆ ನೋಡಲಿದ್ದೇವೆ.

ಕೋಫುಕು-ಜಿ

ಇಲ್ಲಿಂದ ತುಸು ದೂರ ನಡೆದರೆ ಸಾರುಸಾವಾ ಎಂಬ ಕೊಳ. ಅದರ ದಡದಿಂದ ಐವತ್ತೆರಡು ಮೆಟ್ಟಿಲುಗಳನ್ನೇರಿದರೆ ಕೋಫುಕು-ಜಿ ದೇವಾಲಯದ ಅಂಗಳ. ‘ಜಿ’ ಎಂದರೆ ಬೌದ್ಧ ದೇವಾಲಯವೆಂದು ಅರ್ಥ. ಫುಜಿವಾರಾ ಎಂಬ ಪ್ರಬಲ ಮನೆತನದ ಆಶ್ರಯದಲ್ಲಿ ಬೆಳೆದ ಈ ಕ್ಷೇತ್ರದ ಹಿರಿಮೆ ಐದಂತಸ್ತಿನ ಗೋಪುರ. ಅದನ್ನು ಮೊದಲು ಕಟ್ಟಿದ್ದು 730ರಲ್ಲಿ. ಐದು ಸಲ ಬೆಂಕಿಗೆ ಆಹುತಿಯಾಗಿ ಐದು ಸಲವೂ ಮತ್ತೆ ಎದ್ದಿತು. ಸುಮಾರು 50 ಮೀಟರು ಎತ್ತರದ ಈಗಿನ ಗೋಪುರ 1426ರದು. 2020ರ ದಶಕದಲ್ಲಿ ಇದರ ದೊಡ್ಡ ಜೀರ್ಣೋದ್ಧಾರಕ್ಕೆ ಕೈಹಾಕಿ, ಸುತ್ತಲೂ ಸಾರವೆ ಕಟ್ಟಿ ಮರೆಮಾಡಲಾಯಿತು. ಪಕ್ಕದ ಮಧ್ಯ ಸುವರ್ಣಮಂದಿರದ ಕಥೆ ಇನ್ನೂ ಮನನೀಯ. 1717ರಲ್ಲಿ ಸುಟ್ಟುಹೋದ ಅದು ಪೂರ್ವದ ಪ್ರಮಾಣದಲ್ಲಿ ಮತ್ತೆ ತಲೆಯೆತ್ತಿದ್ದು 2018ರಲ್ಲಿ! ಮೂರು ಶತಮಾನ ಕಾಯುವ ತಾಳ್ಮೆ ಎಂತಹುದೆಂಬುದನ್ನು ಊಹಿಸಿಕೊಳ್ಳಿ.

ಇಲ್ಲಿನ ವಸ್ತುಭವನದಲ್ಲಿ 734ರಲ್ಲಿ ರಚಿತವಾದ ‘ಅಸುರ’ನ ಪ್ರತಿಮೆಯಿದೆ. ಮರದ ಅಂಟುರಸದಲ್ಲಿ ನೆನೆಸಿದ ಬಟ್ಟೆಯನ್ನು ಪದರ ಪದರವಾಗಿ ಸುತ್ತಿ ಮಾಡಿದ ಈ ಮೂರ್ತಿಯ ಒಳಗು ಟೊಳ್ಳು. ಮೂರು ಮುಖ, ಆರು ಕೈ. ನಮ್ಮ ಪುರಾಣಗಳಲ್ಲಿ ದೇವತೆಗಳ ವೈರಿಯಾದ ಅಸುರ ಇಲ್ಲಿ ಬುದ್ಧನ ಪರಿವಾರಕ್ಕೆ ಸೇರಿ, ಎರಡು ಕೈಗಳನ್ನು ಜೋಡಿಸಿ, ಎಳೆಯ ಬಾಲಕನ ಮುಗ್ಧ ಮುಖದಿಂದ ನಿಂತಿದ್ದಾನೆ. ಸಂಸ್ಕೃತದ ಹೆಸರೊಂದು ಸಮುದ್ರ ದಾಟಿ ಎಷ್ಟು ಸೌಮ್ಯವಾಗಿ ಬದಲಾಗಿದೆಯೆಂಬುದು ಗಮನಾರ್ಹ.

ಮಹಾದ್ವಾರ

ಪೂರ್ವಕ್ಕೆ ನಡೆದರೆ ವಿಶಾಲವಾದ ಉದ್ಯಾನ. ಅಲ್ಲಿ ಸಾವಿರಕ್ಕೂ ಮಿಕ್ಕಿದ ಜಿಂಕೆಗಳು ಅಂಜಿಕೆಯಿಲ್ಲದೆ ಅಲೆದಾಡುತ್ತವೆ. ನೆರೆಯ ಕಾಸುಗಾ ದೇಗುಲದ ದೇವತೆ ಬಿಳಿಯ ಜಿಂಕೆಯೇರಿ ಬಂದನೆಂಬ ನಂಬಿಕೆಯಿಂದ ಅವಕ್ಕೆ ಪವಿತ್ರ ಸ್ಥಾನ ದೊರೆತಿದೆ. ಜಿಂಕೆಗಳ ನಡುವೆಯೇ ಸಾಗಿದ ದಾರಿ ತೋದಾಯ್-ಜಿ ದೇವಾಲಯದ ದಕ್ಷಿಣ ಮಹಾದ್ವಾರಕ್ಕೆ ಮುಟ್ಟುತ್ತದೆ. ಸುಮಾರು 25 ಮೀಟರು ಎತ್ತರದ ಈ ದ್ವಾರ 1199ರಲ್ಲಿ ಪುನರ್ನಿರ್ಮಿತವಾದುದು. ಇಕ್ಕೆಲಗಳಲ್ಲಿ ಎಂಟು ಮೀಟರಿಗೂ ಮೀರಿದ ಎರಡು ದ್ವಾರಪಾಲಕ ಮೂರ್ತಿಗಳಿವೆ. ಉನ್‌ಕೇ, ಕಾಯ್‌ಕೇ ಮೊದಲಾದ ಶಿಲ್ಪಿಗಳು ಸಾವಿರಾರು ಮರದ ತುಂಡುಗಳನ್ನು ಜೋಡಿಸಿ ಇವನ್ನು 1203ರಲ್ಲಿ ಕೇವಲ 69 ದಿನಗಳಲ್ಲಿ ಮುಗಿಸಿದರು. ಒಬ್ಬ ದ್ವಾರಪಾಲಕನ ಬಾಯಿ ತೆರೆದಿದೆ, ಮತ್ತೊಬ್ಬನದು ಮುಚ್ಚಿದೆ. ತೆರೆದ ಬಾಯಿ ಸಂಸ್ಕೃತದ ಮೊದಲ ಧ್ವನಿಯಾದ ‘ಅ’ಕಾರವನ್ನೂ, ಮುಚ್ಚಿದ ಬಾಯಿ ‘ಹೂಂ’ಕಾರವನ್ನೂ ನುಡಿಯುತ್ತಿವೆಯಂತೆ, ಆದಿ ಮತ್ತು ಅಂತ್ಯ.

ಮಹಾಬುದ್ಧನ ಸನ್ನಿಧಿ

ಈಗ ನಾವು ಯಾತ್ರೆಯ ಹೃದಯಸ್ಥಾನಕ್ಕೆ ಬಂದಿದ್ದೇವೆ. ಎದುರಿನ ಮಂದಿರದ ಅಗಲ ಸುಮಾರು 57 ಮೀಟರು, ಎತ್ತರ 48 ಮೀಟರಿಗೂ ಹೆಚ್ಚು. ಒಳಗೆ ಕುಳಿತಿರುವವನು ಸುಮಾರು 15 ಮೀಟರು ಎತ್ತರದ ಕಂಚಿನ ವೈರೋಚನ ಬುದ್ಧ.

ಈ ಮೂರ್ತಿಯ ಹಿಂದೆ ಒಂದು ದುಃಖದ ಕಥೆಯಿದೆ. 735ರಿಂದ 737ರವರೆಗೆ ಸಿಡುಬಿನ ಮಹಾಮಾರಿ ಜಪಾನನ್ನು ವ್ಯಾಪಿಸಿ ಅಸಂಖ್ಯಾತ ಜನರನ್ನು ಬಲಿತೆಗೆದುಕೊಂಡಿತು. ರಾಜ್ಯಭಾರ ನಡೆಸುತ್ತಿದ್ದ ಫುಜಿವಾರಾ ಸೋದರರು ನಾಲ್ವರೂ ಅದಕ್ಕೆ ತುತ್ತಾದರು. ನೊಂದ ಚಕ್ರವರ್ತಿ ಶೋಮು 743ರಲ್ಲಿ ಮಹಾಬುದ್ಧನ ಮೂರ್ತಿಯನ್ನು ನಿರ್ಮಿಸುವ ಸಂಕಲ್ಪವನ್ನು ಸಾರಿದನು. ತನ್ನ ಐಶ್ವರ್ಯದಿಂದಲೇ ಅದನ್ನು ಮಾಡಿಸುವುದು ಸುಲಭವಾದರೂ ಅಂತಹ ಕೆಲಸಕ್ಕೆ ಸತ್ವವಿರದೆಂಬುದು ಅವನ ಭಾವನೆ. ಒಂದು ಹುಲ್ಲುಕಡ್ಡಿಯನ್ನು, ಒಂದು ಹಿಡಿ ಮಣ್ಣನ್ನು ತರುವವನಿಗೂ ಇದರಲ್ಲಿ ಪಾಲಿರಲಿ, ಅಧಿಕಾರಿಗಳು ಇದೇ ನೆವದಿಂದ ಪ್ರಜೆಗಳನ್ನು ಪೀಡಿಸದಿರಲಿ ಎಂಬುದು ಆ ಶಾಸನದ ಸಾರ. ಜನರನ್ನು ಒಲಿಸಿ ಕರೆತರಬಲ್ಲವರು ಯಾರು? ಒಮ್ಮೆ ಖಂಡನೆಗೊಳಗಾಗಿದ್ದ ಗ್ಯೋಕಿಯವರೇ! ಎಪ್ಪತ್ತೈದರ ವಯಸ್ಸಿನಲ್ಲಿ ಅವರು ಮತ್ತೆ ಊರೂರು ಸುತ್ತತೊಡಗಿದರು.

747ರಿಂದ 749ರವರೆಗೆ, ಕೆಳಗಿನಿಂದ ಮೇಲಕ್ಕೆ ಎಂಟು ಹಂತಗಳಲ್ಲಿ ಎರಕ ಹೊಯ್ಯಲಾಯಿತು. ಸುಮಾರು 500 ಟನ್ ತಾಮ್ರ ಬೇಕಾಯಿತು. ಗ್ಯೋಕಿಯವರು 749ರಲ್ಲಿ, ಕಾರ್ಯ ಪೂರ್ಣಗೊಳ್ಳುವ ಮೊದಲೇ ಕಣ್ಮುಚ್ಚಿದರು. 752ರಲ್ಲಿ ನೇತ್ರೋನ್ಮೀಲನ ಮಹೋತ್ಸವ ನಡೆದಾಗ ಕುಂಚ ಹಿಡಿದು ಬುದ್ಧನ ಕಣ್ಣು ಬರೆದವರು ನಮ್ಮ ದೇಶದ ಭಿಕ್ಷು ಬೋಧಿಸೇನರು. ದಕ್ಷಿಣ ಭಾರತದವರೆಂದು ಜಪಾನಿನ ಸಂಪ್ರದಾಯ ಹೇಳುವ ಇವರು ಚೀನಾದ ಮಾರ್ಗವಾಗಿ 736ರಲ್ಲಿ ಅಲ್ಲಿಗೆ ಬಂದಿದ್ದರು. ಅವರ ಕುಂಚಕ್ಕೆ ಉದ್ದನೆಯ ನೀಲಿ ದಾರವನ್ನು ಕಟ್ಟಲಾಗಿತ್ತು. ನೆರೆದವರು ಆ ದಾರವನ್ನು ಹಿಡಿದು ತಾವೂ ಕಣ್ಣು ಬರೆದ ಪುಣ್ಯದಲ್ಲಿ ಭಾಗಿಗಳಾದರು. ಒಂದೇ ದಾರದಲ್ಲಿ ಎಷ್ಟು ಕೈಗಳು!

ಆದರೆ ಇತಿಹಾಸದ ವಿದ್ಯಾರ್ಥಿ ಮತ್ತೊಂದು ಮುಖವನ್ನೂ ಮರೆಯಬಾರದು. 757ರಲ್ಲಿ ದಂಗೆಗೆ ಹೊಂಚಿ ಸೆರೆಸಿಕ್ಕ ತಾಚಿಬಾನಾ ನೊ ನಾರಾಮಾರೋ ಎಂಬ ಸರದಾರ, ತೋದಾಯ್-ಜಿಯ ನಿರ್ಮಾಣದಿಂದ ಜನ ನೊಂದಿದ್ದಾರೆಂದು ಆಪಾದಿಸಿದನು. ಒಲಿದು ತಂದ ಹಿಡಿಮಣ್ಣಿನ ಜೊತೆಗೆ ಒತ್ತಾಯದ ಬೆವರೂ ಈ ಅಡಿಪಾಯದಲ್ಲಿ ಬೆರೆತಿದೆ. ಸಂಕಲ್ಪ ಎಷ್ಟೇ ಉದಾತ್ತವಾಗಿದ್ದರೂ ಅದರ ಹೊರೆ ಯಾರ ಹೆಗಲ ಮೇಲೆ ಬಿದ್ದಿತೆಂದು ವಿಚಾರಿಸುವುದು ನಮ್ಮ ಕರ್ತವ್ಯ.

ಎರಡು ಬೆಂಕಿ, ಇಬ್ಬರು ಭಿಕ್ಷುಗಳು

ಇಂದು ನಾವು ಕಾಣುವುದು 752ರ ಮಂದಿರವಲ್ಲ. 1180ರಲ್ಲಿ ತಾಯ್ರಾ ಮನೆತನದ ಸೈನ್ಯ ಹಚ್ಚಿದ ಬೆಂಕಿಯಲ್ಲಿ ಅದು ಸುಟ್ಟುಹೋಯಿತು. ಮರುವರ್ಷ ಪುನರುದ್ಧಾರದ ಹೊಣೆ ಹೊತ್ತ ಚೋಗೆನ್ ಎಂಬ ಭಿಕ್ಷುವಿಗೆ ಆಗ ಅರವತ್ತೊಂದು ವರ್ಷ. ಒಂಟಿಚಕ್ರದ ಗಾಡಿಗಳೊಡನೆ ಅವರು ನಾಡನ್ನೆಲ್ಲ ಸುತ್ತಿ ಭಿಕ್ಷೆಯೆತ್ತಿದರು. ಪಶ್ಚಿಮದ ಸುವೋ ಪ್ರಾಂತದ ಕಾಡುಗಳಿಂದ ಮರ ತರಿಸಿದರು. 1185ರಲ್ಲಿ ಮೂರ್ತಿಗೆ ಮತ್ತೆ ಕಣ್ಣು ಬರೆದಾಗ ಬಳಸಿದ್ದು ಬೋಧಿಸೇನರ ಅದೇ ಕುಂಚ! 1195ರಲ್ಲಿ ಮಂದಿರ ಸಿದ್ಧವಾಯಿತು.

1567ರ ಯುದ್ಧದಲ್ಲಿ ಅದೂ ಉರಿದುಹೋಯಿತು. ಬುದ್ಧನ ಶಿರಸ್ಸು ನಾಶವಾಯಿತು. ತಾತ್ಕಾಲಿಕವಾಗಿ ಹಾಕಿದ ಚಾವಣಿಯೂ 1610ರ ಬಿರುಗಾಳಿಗೆ ಉರುಳಿತು. ಮಹಾಬುದ್ಧ ಬಹುಕಾಲ ಬಿಸಿಲುಮಳೆಗಳಲ್ಲಿ ಕುಳಿತಿರಬೇಕಾಯಿತು. ಆ ದೃಶ್ಯವನ್ನು ಬಾಲ್ಯದಲ್ಲಿ ಕಂಡು ಮರುಗಿದ ಕೋಕೇ ಎಂಬ ಭಿಕ್ಷು (1648–1705) ದೊಡ್ಡವರಾದ ಮೇಲೆ ದೇಶ ಸುತ್ತಿ, ಒಂದು ಹಾಳೆ ಕಾಗದವಾದರೂ ಸರಿ, ಅರ್ಧ ಕಾಸಾದರೂ ಸರಿ ಎಂದು ಬೇಡಿದರೆಂದು ಹೇಳುತ್ತಾರೆ. 1692ರಲ್ಲಿ ಹೊಸ ಶಿರಸ್ಸಿನ ಮೂರ್ತಿಗೆ ನೇತ್ರೋನ್ಮೀಲನವಾಯಿತು. 1709ರಲ್ಲಿ ಮಂದಿರ ಪೂರ್ಣವಾಗುವ ಹೊತ್ತಿಗೆ ಕೋಕೇಯವರೂ ಉಳಿದಿರಲಿಲ್ಲ.

ಮೂಲಮಂದಿರದ ಅಗಲ 86 ಮೀಟರು; ಈಗಿನದು ಅದರ ಮೂರರಲ್ಲಿ ಎರಡು ಪಾಲು ಮಾತ್ರ. ಹಣವೂ ಸಾಲಲಿಲ್ಲ, ಹೆಮ್ಮರಗಳೂ ದೊರೆಯಲಿಲ್ಲ. ಕಂಬಗಳನ್ನು ಸೂಕ್ಷ್ಮವಾಗಿ ನೋಡಿ: ಹಲವು ತುಂಡುಗಳನ್ನು ಕೂಡಿಸಿ, ಕಬ್ಬಿಣದ ಪಟ್ಟಿ ಬಿಗಿದು ನಿಲ್ಲಿಸಿದ್ದಾರೆ. ಮಂದಿರದ ಕಂಬವೇ ಅದನ್ನು ಕಟ್ಟಿದ ಬಗೆಯನ್ನು ಹೇಳುತ್ತಿದೆ. ಪೀಠದ ಕಮಲದಳಗಳಲ್ಲಿ ಕೆಲವು ಮತ್ತು ಅಂಗಳದ ಎಂಟುಮೂಲೆಯ ಕಂಚಿನ ದೀಪಸ್ತಂಭ ಎಂಟನೆಯ ಶತಮಾನದಿಂದ ಉಳಿದು ಬಂದಿವೆ.

ಭಂಡಾರ ಮತ್ತು ದೀವಟಿಗೆ

ಮಂದಿರದ ಹಿಂಬದಿಗೆ ನಡೆದರೆ ಶೋಸೋ-ಇನ್ ಎಂಬ ಮರದ ಭಂಡಾರ. ಶೋಮುವಿನ ಮರಣಾನಂತರ 756ರಲ್ಲಿ ರಾಣಿ ಕೋಮ್ಯೋ ಅರ್ಪಿಸಿದ ಅವನ ವಸ್ತುಗಳು ಇಲ್ಲಿ ಶತಮಾನಗಳ ಕಾಲ ಸುರಕ್ಷಿತವಾಗಿದ್ದುವು. ಈಗ ಅವನ್ನು ಹತ್ತಿರದ ಹೊಸ ಉಗ್ರಾಣಗಳಲ್ಲಿ ಇಟ್ಟಿದ್ದಾರೆ. ಬೋಧಿಸೇನರ ಕುಂಚವೂ ನೀಲಿ ದಾರವೂ ಭಾರತದ ಮೂಲದ್ದೆನ್ನುವ ಐದು ತಂತಿಯ ವೀಣೆಯೊಂದೂ ಅವುಗಳಲ್ಲಿವೆ.

ಪೂರ್ವದ ಬೆಟ್ಟದ ಇಳಿಜಾರಿನಲ್ಲಿರುವ ನಿಗಾತ್ಸು-ದೋ ನಮ್ಮ ಕೊನೆಯ ನಿಲುಗಡೆ. ಪ್ರತಿವರ್ಷ ಮಾರ್ಚ್ 1ರಿಂದ 14ರವರೆಗೆ ಹನ್ನೊಂದು ಮಂದಿ ಭಿಕ್ಷುಗಳು ಇಲ್ಲಿ ಹನ್ನೊಂದು ಮುಖದ ಅವಲೋಕಿತೇಶ್ವರನ ಮುಂದೆ ಸಕಲ ಜನರ ಪರವಾಗಿ ತಪ್ಪೊಪ್ಪಿಕೊಂಡು ಪ್ರಾರ್ಥಿಸುತ್ತಾರೆ. ಇರುಳಿನಲ್ಲಿ ದೊಡ್ಡ ದೀವಟಿಗೆಗಳನ್ನು ಮೊಗಸಾಲೆಯುದ್ದಕ್ಕೂ ಓಡಿಸುತ್ತಾರೆ; ಕಿಡಿಗಳ ಮಳೆ ಕೆಳಗೆ ನಿಂತ ಭಕ್ತರ ಮೇಲೆ ಸುರಿಯುತ್ತದೆ. 752ರಲ್ಲಿ ಆರಂಭವಾದ ಈ ವ್ರತ ಒಂದು ವರ್ಷವೂ ತಪ್ಪಿಲ್ಲ. 1180ರ ಬೆಂಕಿಯ ಮರುವರ್ಷವೂ ನಡೆಯಿತು. 1667ರಲ್ಲಿ ವ್ರತದ ನಡುವೆಯೇ ಈ ಕಟ್ಟಡ ಸುಟ್ಟಾಗ ಪಕ್ಕದ ಮಂದಿರದಲ್ಲಿ ಮುಂದುವರಿಯಿತು. 2021ರಲ್ಲಿ ಸಾಂಕ್ರಾಮಿಕ ರೋಗದ ನಿಮಿತ್ತ ಪ್ರೇಕ್ಷಕರನ್ನು ನಿರ್ಬಂಧಿಸಿದರೇ ಹೊರತು ವ್ರತವನ್ನು ನಿಲ್ಲಿಸಲಿಲ್ಲ.

ಮೊಗಸಾಲೆಯಲ್ಲಿ ನಿಂತು ಪಶ್ಚಿಮಕ್ಕೆ ನೋಡಿದರೆ ಮಹಾಬುದ್ಧ ಮಂದಿರದ ಚಾವಣಿ ಸಂಜೆಯ ಬೆಳಕಿನಲ್ಲಿ ಕಾಣುತ್ತದೆ. ನಾವು ಹೊರಡುವಾಗ ಹೊತ್ತುಕೊಂಡಿದ್ದ ಪ್ರಶ್ನೆಗೆ ಉತ್ತರ ಆ ಚಾವಣಿಯ ಕೆಳಗೇ ಇದೆ. ಮರ ಸುಟ್ಟಿತು, ಕಂಚು ಕರಗಿತು, ಚಕ್ರವರ್ತಿಗಳು ಅಳಿದರು. ಉಳಿದುದು ಬೇಡಲು ನಾಚದ ಭಿಕ್ಷುಗಳ ಸಂಕಲ್ಪ ಮತ್ತು ಅರ್ಧ ಕಾಸನ್ನಾದರೂ ಕೊಟ್ಟ ಅನಾಮಧೇಯರ ಕೈ. ಗ್ಯೋಕಿ, ಕೋಕೇ ಇಬ್ಬರೂ ತಮ್ಮ ಕಾರ್ಯದ ಕೊನೆಯನ್ನು ಕಾಣಲಿಲ್ಲ. ಆದರೂ ಕಾರ್ಯ ಕೊನೆಮುಟ್ಟಿತು. ವಿದ್ಯಾರ್ಥಿಗಳೇ, ಹಿರಿಯರು ಕಟ್ಟಿದುದನ್ನು ನೋಡುವಾಗ ‘ಇದು ಎಷ್ಟು ಹಳೆಯದು?’ ಎಂದು ಕೇಳುವುದರ ಜೊತೆಗೆ, ‘ಇದನ್ನು ಈವರೆಗೆ ಉಳಿಸಿಕೊಂಡು ಬಂದವರು ಯಾರು? ಇದರಲ್ಲಿ ನನ್ನ ಹಿಡಿಮಣ್ಣು ಯಾವುದು?’ ಎಂದೂ ಕೇಳಿಕೊಳ್ಳಿ. ನಾರಾದ ದಾರಿ ಕಲಿಸುವ ಪಾಠ ಅದೇ.