ಹಾಲುಹಲ್ಲು ಕೀಳಿಸಿದ ಮೇಲೆ

ಹಾಲುಹಲ್ಲು ಕಿತ್ತ ಗುಳಿಯಲ್ಲಿ ಹೆಪ್ಪುಗಟ್ಟುವ ರಕ್ತವೇ ಗಾಯದ ಮೊದಲ ಮುಚ್ಚಳ. ಅದು ಕದಲದಂತೆ ಕಾಯುವುದೇ ಆರೈಕೆಯ ಮುಕ್ಕಾಲು ಪಾಲು. ವೈದ್ಯರು ಇಟ್ಟ ಹತ್ತಿಯನ್ನು ಮಗು ಅರ್ಧ ಗಂಟೆ ಕಚ್ಚಿ ಹಿಡಿಯಬೇಕು. ಮೊದಲ ದಿನ ಉಗುಳುವುದು, ಮುಕ್ಕಳಿಸುವುದು, ಸ್ಟ್ರಾದಲ್ಲಿ ಹೀರುವುದು ಬೇಡ. ಎಳನೀರನ್ನೂ ಲೋಟಕ್ಕೆ ಬಗ್ಗಿಸಿಯೇ ಕೊಡಬೇಕು. ಎಂಜಲು ಮರುದಿನದವರೆಗೆ ನಸುಗೆಂಪಾಗಿದ್ದರೆ ಗಾಬರಿಯಿಲ್ಲ.

ಮಕ್ಕಳಲ್ಲಿ ಎಷ್ಟೋ ಸಲ ತೊಂದರೆ ಕೊಡುವುದು ಗುಳಿಯಲ್ಲ, ಮರಗಟ್ಟಿದ ತುಟಿ. ಇಂಜೆಕ್ಷನ್ನಿನ ಜೋಮು ಇಳಿಯಲು ಎರಡು ಮೂರು ಗಂಟೆ ಬೇಕು. ಹಾಸನದಲ್ಲಿ ಹಲ್ಲು ಕೀಳಿಸಿ ಹೊಳೆನರಸೀಪುರಕ್ಕೋ ಅರಕಲಗೂಡಿಗೋ ಬಸ್ಸಿನಲ್ಲಿ ಮರಳುವ ಹೊತ್ತು ಅದೇ. ನೋವು ತಿಳಿಯದ ಮಗು ತುಟಿಯನ್ನು ಅಗಿಯುತ್ತದೆ. ತುಟಿ ಊದಿ, ಮರುದಿನ ಬಿಳಿ ಪೊರೆ ಕಟ್ಟುತ್ತದೆ. ಅದನ್ನು ಕೀವೆಂದು ಕೆರೆಯಬಾರದು. ದಾರಿಯಲ್ಲಿ ಕಡಲೆಕಾಯಿ, ಚಕ್ಕುಲಿ ಕೊಡಿಸದಿರುವುದೇ ಲೇಸು.

ಜೋಮು ಇಳಿದ ಮೇಲೆ ಆರಿದ ರಾಗಿ ಗಂಜಿ, ಮೊಸರನ್ನ ಕೊಡಬಹುದು. ಬಿಸಿ ಮುದ್ದೆ, ಖಾರದ ಸಾರು ಆಮೇಲೆ. ನೋವಿಗೆ ಮಗುವಿನ ತೂಕ ನೋಡಿ ವೈದ್ಯರು ಹೇಳಿದಷ್ಟು ಪ್ಯಾರಾಸಿಟಮಾಲ್ ಸಾಕು, ಆಸ್ಪಿರಿನ್ ಕೂಡದು. ಗುಳಿಗೆ ಅರಿಶಿನ, ಕಾಫಿಪುಡಿ ತುರುಕುವುದು ಸೋಂಕಿಗೆ ದಾರಿ. 24 ಗಂಟೆ ಕಳೆದ ಮೇಲೆ ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಮುಕ್ಕಳಿಸಬಹುದು. ವಸಡು ವಾರ, ಹತ್ತು ದಿನದಲ್ಲಿ ಕೂಡಿಕೊಳ್ಳುತ್ತದೆ.

ಹತ್ತಿ ಕಚ್ಚಿದರೂ ನಿಲ್ಲದ ರಕ್ತ, ಜ್ವರ, ಹೆಚ್ಚುತ್ತಿರುವ ಬಾವು ಕಂಡರೆ ಚನ್ನರಾಯಪಟ್ಟಣದವರು ಹಾಸನದವರೆಗೆ ಬರಲು ಕಾಯದೆ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು. ದವಡೆಯ ಹಾಲುಹಲ್ಲು ಅವಧಿಗೆ ಮೊದಲೇ ಹೋಗಿದ್ದರೆ, ಖಾಲಿ ಜಾಗ ಕಾಯುವ ತಂತಿಪಟ್ಟಿ ಬೇಕೇ ಎಂದು ದಂತವೈದ್ಯರನ್ನು ಕೇಳಬೇಕು; ಅಲ್ಲಿ ಬರಬೇಕಾದ ಹಲ್ಲು ಹುಟ್ಟುವುದು 10ರಿಂದ 12ನೇ ವಯಸ್ಸಿಗೆ.