ಹಾರ್ಡ್ ಡಿಸ್ಕಿನ ಪರೀಕ್ಷೆ

ಮನೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿ ಮಕ್ಕಳ ಭಾವಚಿತ್ರಗಳೂ ಮನೆವಾರ್ತೆಯ ಲೆಕ್ಕಗಳೂ ಇರುವುದರಿಂದ, ಅದನ್ನು ಪರೀಕ್ಷಿಸುವ ಕ್ರಮವನ್ನು ಪ್ರತಿಯೊಂದು ಮನೆಯವರೂ ಅರಿತಿರುವುದು ಒಳ್ಳೇದು.

ಅದಕ್ಕೆ ತಗಲುವ ದೋಷಗಳು ಎರಡು ವಿಧ. ಬರೆಯುತ್ತಿರುವಾಗ ವಿದ್ಯುಚ್ಛಕ್ತಿಯು ನಿಂತುಹೋದರೆ, ಯಾವ ಕಡತವು ಎಲ್ಲಿರುವುದೆಂಬ ಪಟ್ಟಿಯು ಕೆಡುವುದುಂಟು. ಇದು ಪುಸ್ತಕಭಂಡಾರದ ಸೂಚೀಪತ್ರವು ತಪ್ಪಿದ ಹಾಗೆ. ಡಿಸ್ಕಿನ ತಟ್ಟೆಯ ಮೇಲ್ಮೈಯೇ ಕೆಟ್ಟರೆ, ಪುಸ್ತಕದ ಹಾಳೆಯೇ ಹರಿದ ಹಾಗೆ.

ವಿಂಡೋಸ್ 10 ಅಥವಾ 11 ರಲ್ಲಿ ಡ್ರೈವಿನ ಚಿಹ್ನೆಯ ಮೇಲೆ ಮೌಸಿನ ಬಲಗುಂಡಿಯನ್ನೊತ್ತಿ, ಪ್ರಾಪರ್ಟೀಸ್, ಟೂಲ್ಸ್, ಚೆಕ್ ಎಂಬವುಗಳನ್ನು ಕ್ರಮವಾಗಿ ಆರಿಸತಕ್ಕದ್ದು. ಸೂಚೀಪತ್ರದ ತಪ್ಪು ಇದರಿಂದ ಸಾಮಾನ್ಯವಾಗಿ ಸರಿಹೋಗುವುದು. ಮೇಲ್ಮೈಯನ್ನೆಲ್ಲಾ ಶೋಧಿಸುವುದಕ್ಕೆ ‘ಚೆಕ್‌ಡಿಸ್ಕ್’ ಆಜ್ಞೆಗೆ ‘ಆರ್’ ಅಕ್ಷರವನ್ನು ಸೇರಿಸಿ ನಡಿಸುವ ದೀರ್ಘ ಪರೀಕ್ಷೆಯುಂಟು. ಅದು ಗಂಟೆಗಟ್ಟಲೆ ನಡೆದು, ಕೆಟ್ಟ ಸ್ಥಳಗಳನ್ನು ಮುಂದೆ ಉಪಯೋಗಿಸದಂತೆ ಗುರುತಿಡುವುದು. ಆದರೆ ಹರಿದ ಹಾಳೆಯನ್ನು ಹೊಸತು ಮಾಡಲಾರದು. ಇದಲ್ಲದೆ, ಜೀರ್ಣವಾದ ಡಿಸ್ಕು ಆ ಶ್ರಮದಲ್ಲಿಯೇ ಪೂರ್ಣವಾಗಿ ನಿಂತುಹೋಗಬಹುದು.

ಆದಕಾರಣ ಮೊದಲು ಎಲ್ಲವನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಂಡು, ಆಮೇಲೆ ಪರೀಕ್ಷಿಸತಕ್ಕದ್ದು. ಈ ಕ್ರಮವನ್ನು ಮರೆತು ನಾವು ಒಂದು ವರ್ಷದ ಶಾಲಾ ಚಿತ್ರಗಳನ್ನು ಕಳಕೊಂಡೆವು. ಬುದ್ಧಿವಂತೆಯರಾದ ಕನ್ನಿಕೆಯರು ಎಣ್ಣೆಯನ್ನು ಮುಂಚಿತವಾಗಿಯೇ ಕೂಡಿಸಿಟ್ಟುಕೊಂಡಿದ್ದರಲ್ಲವೇ?